ಉಸಿರು ಕಟ್ಟಿದ ಗಾಡಿ

"ಈ ಬಟ್ಟೆ ಸುಟ್ಟೇ ಇಲ್ವಲ್ರೀ!"

ಇನ್ಸ್‌ಪೆಕ್ಟರಮ್ಮ ಆ ಟವೆಲ್ಲಿನ ತುಂಡನ್ನು ಚಿಮಟದಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ಹಸಿರು ಗೀಟಿನ ಹಳೇ ಟವೆಲ್ಲು. ಒಂದು ಕಡೆ ಮಸಿ ಹತ್ತಿತ್ತು, ನಿಜ. ಆದರೆ ಮಸಿ ಬೇರೆ, ಬೆಂದ ಗುರುತು ಬೇರೆ. ಬೆಳಗ್ಗೆ ಮಗಳ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಎಷ್ಟು ಮಸಿಬಟ್ಟೆ ಸುಟ್ಟುಕೊಂಡಿದ್ದಳೋ ಲೆಕ್ಕವಿಲ್ಲ. ಅವಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

"ಸುಡದೇ ಇದ್ರೆ ಏನಾಯ್ತು ಮೇಡಮ್?" ಎಂದ ಕಾನ್‌ಸ್ಟೇಬಲ್ ಮೀಸೆ. ಹೆಸರಿಗೆ ತಕ್ಕ ಹಾಗೆ ಅವನ ಮುಖದಲ್ಲಿ ಮೊದಲು ಕಾಣುವುದೇ ಅದು.

"ಸೈಲೆನ್ಸರಿನ ಬಾಯಲ್ಲಿ ಇದನ್ನ ತುರುಕಿಕೊಂಡು ಬೆಟ್ಟ ಹತ್ತಿದ್ರೆ, ಒಂದೋ ಇದು ಬೆಂದು ಕರಕಲಾಗಬೇಕು, ಇಲ್ಲ ಹೊಗೆಯ ರಭಸಕ್ಕೆ ಹಾರಿ ಹೋಗಬೇಕು. ಇದು ಮಾತ್ರ ಹೊಸ ಅಳಿಯನ ಹಾಗೆ ನೆಮ್ಮದಿಯಾಗಿ ಕೂತಿತ್ತು. ಗಾಡಿ ನುಜ್ಜುಗುಜ್ಜಾದ ಮೇಲೆ ಯಾರೋ ತಂದು ಇಟ್ಟಿದ್ದಾರೆ. ಅದೂ ನಮ್ಮ ಸ್ಟೇಷನ್ನಿನ ಅಂಗಳದಲ್ಲೇ, ನಿನ್ನ ಮೀಸೆ ಕೆಳಗೇ."

ಮೀಸೆಯ ಕೈ ತಾನಾಗೇ ಮೀಸೆಗೆ ಹೋಯಿತು.

ಅಂಗಳದ ಮೂಲೆಯಲ್ಲಿ ಆ ಕಾರು ಮುಖ ಮುರಿದುಕೊಂಡು ಬಿದ್ದಿತ್ತು. ಬೆಟ್ಟದ ಏರಿನಲ್ಲಿ ಕಲ್ಲು ಹೊತ್ತ ಲಾರಿಯನ್ನು ಹಿಂದೆ ಹಾಕಲು ಹೋಗಿ, ಅರ್ಧದಲ್ಲೇ ಸೊರಗಿ, ಎದುರಿನ ಬಸ್ಸಿಗೆ ಸಿಕ್ಕ ಕಾರು. ಬೆಟ್ಟದ ಮೇಲಿನ ಆಸ್ಪತ್ರೆಗೆ ರಕ್ತದ ಚೀಲಗಳನ್ನು ಮುಟ್ಟಿಸುತ್ತಿದ್ದ ಹುಡುಗಿಯೇ ಸ್ಟಿಯರಿಂಗ್ ಹಿಡಿದಿದ್ದವಳು; ಅವಳು ಉಳಿಯಲಿಲ್ಲ. ಸೈಲೆನ್ಸರಿಗೆ ತುರುಕಿದ ಬಟ್ಟೆ ತೆಗೆಯಲು ಮರೆತ ಅಂತ ಅವಳ ಸೋದರಮಾವ, ಗ್ಯಾರೇಜಿನವನು, ಲಾಕಪ್ಪಿನಲ್ಲಿದ್ದ. ಊಟದ ಹೊತ್ತು ಕಳೆದರೆ ಕೋರ್ಟು. ಅಲ್ಲಿಗೆ ಹೋದ ಮೇಲೆ ಅವನು ಸೊಸೆಯನ್ನು ಕೊಂದ ಮಾವ. ಗ್ಯಾರೇಜೂ ಮುಗಿಯಿತು, ಅವನೂ ಮುಗಿದ.

"ಬಟ್ಟೆ ಅಲ್ಲ ಅಂದ್ರೆ ಇದು ನೋಡಿ ಮೇಡಮ್."

ಕಾರಿನ ಅಡಿಯಿಂದ ಬ್ರೇಕ್ ಇನ್ಸ್‌ಪೆಕ್ಟರು ತೆವಳಿಕೊಂಡು ಹೊರಬಂದರು. ಅಪಘಾತದ ಗಾಡಿಗಳನ್ನು ಪರೀಕ್ಷೆ ಮಾಡುವುದು ಅವರ ನೌಕರಿ. ಅವರ ಕೈಯಲ್ಲಿ ಅಂಗೈಯಗಲದ ಕಬ್ಬಿಣದ ಬಿಲ್ಲೆ. ನಡುವೆ ಹೆಬ್ಬೆರಳು ತೂರುವಷ್ಟು ತೂತು.

"ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರೋ ಕೀಲಿನಲ್ಲಿ ಸಿಕ್ತು. ಬೋಲ್ಟು ಬಿಚ್ಚಿ, ಇದನ್ನ ಮಧ್ಯೆ ಇಟ್ಟು, ಮತ್ತೆ ಬಿಗಿ ಮಾಡಿದ್ದಾರೆ. ಹೊರಗಿಂದ ದೇವರಿಗೂ ಕಾಣಲ್ಲ."

"ಇದರಿಂದ ಏನಾಗುತ್ತೆ?"

ಅವರು ಮೀಸೆಯನ್ನು ಕರೆದರು. ಜೇಬಿನ ಪೆನ್ನು ಬಿಚ್ಚಿ, ಬರೀ ಕೊಳವೆಯನ್ನು ಅವನ ಬಾಯಿಗಿಟ್ಟರು. "ಮೂಗಲ್ಲಿ ಉಸಿರು ಎಳ್ಕೋ. ಬಿಡೋದು ಮಾತ್ರ ಇದರಲ್ಲೇ. ನಡಿ."

ಮೀಸೆ ನಡೆದ. ಏನೂ ಆಗಲಿಲ್ಲ. ನಕ್ಕ ಕೂಡ.

"ಈಗ ಓಡು. ಗಾಡಿಗೆ ಸುತ್ತು ಹಾಕು."

ಎರಡನೇ ಸುತ್ತಿಗೇ ಮೀಸೆಯ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು; ಕೊಳವೆ ಉಗಿದು, ಬಾನೆಟ್ಟಿನ ಮೇಲೆ ಒರಗಿಕೊಂಡ. "ಅಯ್ಯೋ ಸತ್ತೆ! ಒಳಗಿನ ಉಸಿರು ಹೋಗೋಕೆ ಮುಂಚೆ ಹೊಸದು ಎಲ್ಲಿ ತಗೊಳ್ಳೋದು ಸಾರ್!"

"ಅಷ್ಟೇ ಮೇಡಮ್ ವಿಷಯ. ಎಂಜಿನ್ನು ಉಂಡ ಮೇಲೆ ಹೊಗೆ ಹೊರಗೆ ಹೋಗಲೇಬೇಕು. ದಾರಿ ಕಿರಿದು ಮಾಡಿದ್ರೆ ಹೊಗೆ ಹಿಂದಕ್ಕೆ ಒತ್ತುತ್ತೆ. ಹಳೇ ಹೊಗೆ ಜಾಗ ಬಿಡದೇ ಇದ್ರೆ ಹೊಸ ಗಾಳಿ ಒಳಗೆ ಬರಲ್ಲ. ಊರೊಳಗೆ ಮೆಲ್ಲಗೆ ಓಡಿಸಿದ್ರೆ ಗೊತ್ತೇ ಆಗಲ್ಲ. ಏರಿನಲ್ಲಿ ಪೂರ್ತಿ ತುಳಿದಾಗ, ಬೇಕಾದಾಗಲೇ, ಶಕ್ತಿ ಇರಲ್ಲ."

"ಅಂದ್ರೆ ಇದೇ ಕೊಂದಿದ್ದು."

ಬ್ರೇಕ್ ಇನ್ಸ್‌ಪೆಕ್ಟರು ಬಿಲ್ಲೆಯ ತೂತಿನಲ್ಲಿ ಹೆಬ್ಬೆರಳು ಆಡಿಸಿದರು. ಅವರ ಹುಬ್ಬು ಗಂಟಿಕ್ಕಿತ್ತು. "ಅಲ್ಲೇ ನನಗೆ ಅನುಮಾನ. ಈ ತೂತಿಗೆ ಗಾಡಿ ಸ್ವಲ್ಪ ಸೋಮಾರಿ ಆಗಬೇಕು, ಅಷ್ಟೇ. ನಡುರಸ್ತೇಲಿ ಕಾಲು ಚೆಲ್ಲೋಷ್ಟಲ್ಲ. ಹಿಂದಿನ ಕೀಲು ಬಿಚ್ಚಿಲ್ಲ ಇನ್ನೂ, ಕೆಸರು ಮೆತ್ತಿ ಗಟ್ಟಿಯಾಗಿದೆ."

"ಬಿಚ್ಚಿ. ಏನಿದ್ರೂ ನನಗೆ ಫೋನ್ ಮಾಡ್ಸಿ."

*

ಲಾಕಪ್ಪಿನ ಸರಳಿನಾಚೆ ಗ್ಯಾರೇಜಿನವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಉಗುರಿನ ಸಂದಿಯ ಗ್ರೀಸು ಹಾಗೇ ಇತ್ತು. ಇನ್ಸ್‌ಪೆಕ್ಟರಮ್ಮ ಬಿಲ್ಲೆಯನ್ನು ತೋರಿಸಿದಳು.

"ನಾನೇ ಹಾಕಿದ್ದು," ಎಂದ, ಕೇಳುವ ಮೊದಲೇ.

"ಯಾಕೆ?"

ಅವನು ಉಗುರಿನ ಗ್ರೀಸು ಕೆರೆಯತೊಡಗಿದ.

"ಇದು ಹಾಕಿದ ಮೇಲೆ ಗಾಡಿ ಬೆಟ್ಟ ಹತ್ತುತ್ತಿತ್ತಾ?"

"ಹತ್ತದೇ ಏನಮ್ಮಾ! ನಾನೇ ಓಡಿಸಿ ನೋಡ್ದೆ. ಆಮೇಲೆ ನಮ್ಮ ಬಾಣ ಎಷ್ಟು ಸಲ ಹೋಗಿ ಬಂದ್ಲು." ಸೊಸೆಗೆ ಅವನಿಟ್ಟ ಹೆಸರು ಅದು, ಬಿಟ್ಟರೆ ನೆಟ್ಟಗೆ ಹೋಗುವವಳು. "'ಮಾವಾ, ಗಾಡಿ ಮೊದಲಿನ ಹಾಗೆ ಎಳೀತಿಲ್ಲ' ಅಂತ ಬಂದಿದ್ಲು. ಪೆಟ್ರೋಲ್ ಸರಿ ಇಲ್ಲ ಅಂದೆ. ನಂಬಿದ್ಲು ಪಾಪ. ನಾನು ಹೇಳಿದ್ರೆ ಕಾರಿಗೆ ಚಕ್ರ ಮೂರೇ ಅಂದ್ರೂ ನಂಬ್ತಿದ್ಲು. ಎಷ್ಟು ಎಳೆಯುತ್ತೋ ಅಷ್ಟಕ್ಕೇ ಅಭ್ಯಾಸ ಮಾಡ್ಕೊಂಡು ಓಡಿಸ್ತಿದ್ಲು."

"ಹಾಗಿದ್ರೆ ಆವತ್ತು ಲೆಕ್ಕ ತಪ್ಪಿದ್ದು ಯಾಕೆ?"

"ಅದೇ ನನಗೂ..."

ಇನ್ಸ್‌ಪೆಕ್ಟರಮ್ಮ ಟವೆಲ್ಲಿನ ತುಂಡು ತೋರಿಸಿದಳು. ಅವನ ಕಣ್ಣು ಒಂದು ಗಳಿಗೆ ಆ ಹಸಿರು ಗೀಟಿನ ಮೇಲೆ ನಿಂತು ಸರ್ರನೆ ಪಕ್ಕಕ್ಕೆ ಹೋಯಿತು.

"ನಂದೇ. ಇಲಿ ಹೋಗದಿರಲಿ ಅಂತ ತುರುಕ್ತೀನಿ. ಆವತ್ತು ಬ್ರೇಕ್ ರಿಪೇರಿಗೆ ನಿಂತಿತ್ತಲ್ಲ, ತೆಗೆಯೋದು ಮರೆತೆ."

"ನಿನ್ನ ಗ್ಯಾರೇಜಿಗೆ ಹೋಗಿ ನೋಡಿ ಬಂದೆ. ನಿಂತಿದ್ದ ಗಾಡಿಗಳ ಸೈಲೆನ್ಸರಿನಲ್ಲೆಲ್ಲ ಬಟ್ಟೆ ಇತ್ತು, ನಿಜ. ಬಟ್ಟೆಗೆ ದಾರ, ದಾರದ ತುದೀಲಿ ಆ ಗಾಡಿಯ ಕೀ. ಬಟ್ಟೆ ಎಳೆಯದೆ ಯಾರಿಗೂ ಕೀ ಸಿಗಲ್ಲ. ಮರೆಯೋಕೆ ನೀನೇ ದಾರಿ ಇಟ್ಟುಕೊಂಡಿಲ್ಲ. ಈ ಬಟ್ಟೆಗೆ ದಾರ ಕಟ್ಟಿದ ಗುರುತೂ ಇಲ್ಲ."

ಅವನು ತಲೆ ಬಗ್ಗಿಸಿದ.

"ಯಾರನ್ನ ಉಳಿಸ್ತಿದೀಯಪ್ಪಾ?"

"ನನ್ನಕ್ಕನಿಗೆ ಈಗಾಗಲೇ ಮಗಳಿಲ್ಲ," ಎಂದ. "ಇನ್ನೊಂದು ಜೀವ ಕಿತ್ಕೋಬೇಡಿ ಅಮ್ಮಾ."

ಇನ್ಸ್‌ಪೆಕ್ಟರಮ್ಮ ಹೊರಗೆ ಬಂದು ಮೀಸೆಯನ್ನು ಕೇಳಿದಳು: "ಬಟ್ಟೆ ಸಿಗೋಕೆ ಮುಂಚೆ ಈ ಗಾಡಿ ಹತ್ತಿರ ಯಾರು ಬಂದಿದ್ರು?"

"ಯಾರೂ ಇಲ್ಲ ಮೇಡಮ್. ಆ ಹುಡುಗಿಯ ಅಪ್ಪ ಒಬ್ಬರು. ಮಗಳ ಚಪ್ಪಲಿ ತಗೊಂಡು ಹೋಗೋಕೆ. ಅಳ್ತಿದ್ರು. ನಾನೇ ಆ ಕಡೆ ತಿರುಗಿ ನಿಂತೆ."

*

ಸತ್ತ ಹುಡುಗಿಯ ಮನೆಯ ಮುಂದಿನ ಕೋಣೆಯೇ ಡ್ರೈವಿಂಗ್ ಶಾಲೆಯ ಆಫೀಸು. ಗೋಡೆಯ ತುಂಬ ರಸ್ತೆ ಸೂಚನೆಗಳ ಚಿತ್ರ. ಮೂಲೆಯಲ್ಲಿ ಸ್ಟ್ಯಾಂಡಿಗೆ ಹೂಡಿದ ಒಂಟಿ ಸ್ಟಿಯರಿಂಗು. ಕಿಟಕಿಯಾಚೆ ಬಯಲಿನಲ್ಲಿ ಕಲಿಯುವವರ ಕಾರು ಮುಗ್ಗರಿಸುತ್ತ ಸುತ್ತುತ್ತಿತ್ತು. ಓಡಿಸುತ್ತಿದ್ದದ್ದು ದಪ್ಪ ಕನ್ನಡಕದ ಒಬ್ಬ ಹೆಂಗಸು. ಪಕ್ಕದ ಸೀಟಿನಲ್ಲಿ ಶಾಲೆಯ ಸಹಾಯಕ. ಊರವರಿಗೆ ಅವನು ಚಿಕ್ಕ ಮೇಷ್ಟ್ರು. ಇನ್ಸ್‌ಪೆಕ್ಟರಮ್ಮ ಬಂದಾಗ ಕಾರು ನಿಲ್ಲಿಸಿ ಓಡಿ ಬಂದು, ಕುರ್ಚಿ ಒರೆಸಿಕೊಟ್ಟು, "ಫ್ಯಾನ್ ಹಾಕ್ಲಾ ಮೇಡಮ್?" ಎಂದು ಕೇಳಿ ಹೋಗಿದ್ದವನು ಅವನೇ.

"ಒಳ್ಳೇ ಹುಡುಗ," ಎಂದರು ಹುಡುಗಿಯ ಅಪ್ಪ, ಶಾಲೆಯ ದೊಡ್ಡ ಮೇಷ್ಟ್ರು, ಮಾತಿಗೆ ಏನಾದರೂ ಬೇಕಲ್ಲ ಎಂಬಂತೆ. "ಆ ಕೊನೇ ಓಟಕ್ಕೆ ಮುಂಚೆ ಅವಳು ಜ್ವರ ಬಂದು ಮಲಗಿದ್ದಾಗ ಗಾಡಿ ತೊಳೆಸಿ ತಂದು ನಿಲ್ಲಿಸಿದ್ದೂ ಅವನೇ. ಇವನನ್ನೇ ಅಳಿಯ ಮಾಡ್ಕೊಳ್ಳೋಣ ಅಂತ ನಮಗಿತ್ತು. ಅವಳು ನಕ್ಕುಬಿಟ್ಟಳು. 'ಬೇರೆಯವರ ಗಾಡಿಗೆ ಬ್ರೇಕ್ ಹಾಕೋದು ಬಿಟ್ಟು ಇವನಿಗೆ ಏನು ಬರುತ್ತಪ್ಪಾ' ಅಂತ. ಅವನ ಎದುರಿಗೇ."

ಮೇಷ್ಟ್ರ ಹೆಂಡತಿ ನೀರಿನ ಲೋಟ ಇಟ್ಟು ಬಾಗಿಲಿಗೆ ಒರಗಿ ನಿಂತರು. ಸೆರಗಿನ ತುದಿ ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದರು.

"ನನ್ನ ತಮ್ಮ ಊಟ ಮಾಡಿದ್ನಾ ಅಮ್ಮಾ?"

"ಮಾಡಿಲ್ಲ."

"ಅವನು ಹಾಗೇ. ಕೋಪ ಬಂದ್ರೆ ತನ್ನ ಹೊಟ್ಟೆಗೇ ಶಿಕ್ಷೆ. ಎತ್ತಿ ಆಡಿಸಿದವಳು ನಾನು. ನನ್ನ ಮಾತು ಯಾವತ್ತೂ ತೆಗೆದುಹಾಕಿದವನಲ್ಲ. ಒಂದೇ ಒಂದು ಸಲ..." ಎಂದು ನಿಲ್ಲಿಸಿ, "ಅದು ಬಿಡಿ," ಎಂದರು.

ಇನ್ಸ್‌ಪೆಕ್ಟರಮ್ಮ ಬಿಲ್ಲೆಯನ್ನು ತೆರೆದ ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟಳು. ಅದರ ಪಕ್ಕ ಟವೆಲ್ಲಿನ ತುಂಡು. ಆಮೇಲೆ ಎದ್ದು ಹೋಗಿ, ಒಂಟಿ ಸ್ಟಿಯರಿಂಗಿನ ಮೇಲೆ ಧೂಳು ಒರೆಸಲು ಹಾಕಿದ್ದ ಟವೆಲ್ಲನ್ನು ತಂದು ಬಿಡಿಸಿ ಹಾಸಿದಳು. ಹಸಿರು ಗೀಟು. ಒಂದು ಅಂಚು ಹರಿದಿತ್ತು. ತುಂಡು ಆ ಹರುಕಿಗೆ ಗೀಟಿಗೆ ಗೀಟು ಕೂಡಿಕೊಂಡಿತು.

ಮೇಷ್ಟ್ರು ಅಲುಗಲಿಲ್ಲ. ಅವರ ಬಲಗಾಲು ಮಾತ್ರ ನೆಲವನ್ನು ಒತ್ತಿತು. ಅರ್ಧ ಆಯುಷ್ಯ ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರು ತಪ್ಪಿದಾಗಲೆಲ್ಲ ತಮ್ಮ ಕಡೆಯ ಬ್ರೇಕು ತುಳಿದ ಕಾಲು ಅದು. ಬರಿ ನೆಲ ಸಿಕ್ಕರೂ ಒತ್ತುತ್ತಿತ್ತು.

"ಮಗಳ ಚಪ್ಪಲಿ ತರೋಕೆ ಟವೆಲ್ ಯಾಕೆ ಬೇಕಾಯ್ತು ಮೇಷ್ಟ್ರೇ?"

"ಬೆವರು ಒರೆಸ್ಕೊಳ್ಳೋಕೆ..."

"ಅರ್ಧ ಹರಿದುಕೊಂಡಾ?"

ಅವರು ಹೆಂಡತಿಯ ಕಡೆ ನೋಡಿದರು. "ಇವಳೇ, ಸ್ವಲ್ಪ ಒಳಗೆ ಹೋಗು."

"ಹೋಗಲ್ಲ," ಎಂದರು ಹೆಂಡತಿ. "ಏನಿದ್ರೂ ನನ್ನ ಮುಂದೇನೇ ಆಗ್ಲಿ ರೀ. ಇನ್ನೇನು ಉಳಿದಿದೆ ಮುಚ್ಚಿಡೋಕೆ?"

ಮೇಷ್ಟ್ರು ಬಿಲ್ಲೆಯನ್ನು ಮುಟ್ಟಿದರು. ಸುಟ್ಟಿತೇನೋ ಎಂಬಂತೆ ಕೈ ತೆಗೆದರು.

"ಊರಿನ ಮಕ್ಕಳಿಗೆಲ್ಲ ನಾನು ಬ್ರೇಕು ತುಳಿದೆ. ಯಾರದೋ ಮಕ್ಕಳು. ನನ್ನ ಮಗಳ ಪಕ್ಕ ಕೂರೋಕೆ ಅವಳು ಬಿಡಲಿಲ್ಲ. 'ಅಪ್ಪಾ, ಹಿಂದಿನ ಸೀಟಲ್ಲಿ ರಕ್ತ ಇರುತ್ತೆ, ಮೇಲೆ ಯಾರೋ ಕಾಯ್ತಿರ್ತಾರೆ, ನಿನ್ನ ಭಯಕ್ಕೆ ಜಾಗ ಇಲ್ಲ' ಅಂದಳು. ಹೋದಾಗೆಲ್ಲ ನಾನಿಲ್ಲಿ ಕೂತು ನೆಲ ತುಳೀತಿದ್ದೆ. ಕೊನೆಗೆ ಭಾವಮೈದುನನ ಕೈ ಹಿಡ್ಕೊಂಡೆ. 'ಅವಳ ಗಾಡಿಗೆ ಒಂದು ಬ್ರೇಕು ಹಾಕಿಕೊಡಪ್ಪಾ, ಅವಳಿಗೆ ಕಾಣದ ಹಾಗೆ' ಅಂದೆ. ಅವನು ಒಪ್ಪಲಿಲ್ಲ. ಕಾಲಿಗೆ ಬಿದ್ದೆ. ಹೊಗೆ ಹೋಗೋ ದಾರಿ ಕಿರಿದು ಮಾಡಿದ್ರೆ ಓಟ ತಾನಾಗೇ ತಗ್ಗುತ್ತೆ ಅಂತ ಇದನ್ನ ಮಾಡಿ ಹಾಕಿದ. ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡೆ."

"ನನಗೂ?" ಎಂದರು ಹೆಂಡತಿ.

"ನಿನಗೆ ಹೇಳಿದ್ರೆ ಅವಳಿಗೆ ಗೊತ್ತಾಗ್ತಿತ್ತು."

ಹೆಂಡತಿಯ ಬೆರಳಿನ ಸುತ್ತ ಸೆರಗು ನಿಂತಿತು.

ಇನ್ಸ್‌ಪೆಕ್ಟರಮ್ಮ ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡಳು. ತನ್ನ ಮಗಳ ಫೋನಿನಲ್ಲಿ, ಅವಳಿಗೆ ತಿಳಿಯದ ಹಾಗೆ, ಎಲ್ಲಿದ್ದಾಳೆಂದು ತೋರಿಸುವ ಏರ್ಪಾಟು ಮಾಡಿಟ್ಟವಳು ತಾನು. ಆದರೂ ಕೇಳಲೇಬೇಕಿತ್ತು.

"ಬಟ್ಟೆ?"

"ಚಪ್ಪಲಿ ತರೋಕೆ ಹೋದಾಗ ಗಾಡಿಯ ಹೊಟ್ಟೆಗೆಲ್ಲ ಸೀಮೆಸುಣ್ಣದ ಗುರುತು ಹಾಕಿದ್ರು. ಇನ್ನು ಕೊಯ್ತಾರೆ, ಬಿಲ್ಲೆ ಸಿಗುತ್ತೆ, ಅಪ್ಪನೇ ಕೊಂದ ಅಂತಾರೆ... ಇವಳಿಗೆ ಹೇಗೆ ಮುಖ ತೋರಿಸ್ಲಿ? ಸೈಲೆನ್ಸರಿನ ಬಾಯಲ್ಲೇ ಏನಾದ್ರೂ ಸಿಕ್ರೆ ಮುಂದೆ ಹುಡುಕಲ್ಲ ಅನ್ನಿಸ್ತು. ಯಾರದೋ ಮರೆವು ಅಂತ ಮುಗಿದು ಹೋಗ್ಲಿ ಅಂದ್ಕೊಂಡೆ."

"ಮರೆವಿಗೂ ಒಬ್ಬ ವಾರಸುದಾರ ಬೇಕಲ್ಲ ಮೇಷ್ಟ್ರೇ. ಇಡೀ ಊರಲ್ಲಿ ಸೈಲೆನ್ಸರಿಗೆ ಬಟ್ಟೆ ತುರುಕೋನು ಒಬ್ಬನೇ. ಅವನ ಕುತ್ತಿಗೆಗೆ ಬೀಳುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು." ಧ್ವನಿ ಪಿಸುಮಾತಿಗಿಂತ ಕೆಳಗಿಳಿಯಿತು. "ಅವನು ನನ್ನ ಹೆಸರು ಹೇಳಲ್ಲ ಅಂತಾನೂ ಗೊತ್ತಿತ್ತು."

ಹೆಂಡತಿ ಅಳಲಿಲ್ಲ. ಗಂಡನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಅವನು ನಿಮಗೋಸ್ಕರ ಉಪವಾಸ ಕೂತಿದಾನೆ. ನೀವು ಬೆಳಗ್ಗೆ ಎರಡು ಸಲ ಹಾಕಿಸ್ಕೊಂಡು ತಿಂದ್ರಿ."

ಆಗಲೇ ಫೋನು ಬಡಿದುಕೊಂಡಿತು. ಮೀಸೆ. ಹಿಂದೆ ಕಬ್ಬಿಣ ಕೊಯ್ಯುವ ಕರ್ಕಶ ಸದ್ದು.

"ಮೇಡಮ್, ಇನ್ನೊಂದು ಬಿಲ್ಲೆ!" ಎಂದು ಅರಚಿದ. ಮುಂದಿನ ಮಾತು ಸದ್ದಿನಲ್ಲಿ ಮುಳುಗಿತು.

ಇನ್ಸ್‌ಪೆಕ್ಟರಮ್ಮ ಫೋನನ್ನು ಕಿವಿಯಿಂದ ತೆಗೆದಳು. "ಮೇಷ್ಟ್ರೇ, ನೀವು ಎಷ್ಟು ಬಿಲ್ಲೆ ಹಾಕಿಸಿದ್ರಿ?"

"ಎಷ್ಟು ಅಂದ್ರೆ? ಒಂದೇ. ಇದೊಂದೇ."

"ಗಾಡಿಯಲ್ಲಿ ಇನ್ನೊಂದು ಸಿಕ್ಕಿದೆ."

ಬಾಗಿಲ ಬಳಿಯಿಂದ, ಸಣ್ಣಗೆ, ಹೆಂಡತಿ ಕೇಳಿದರು:

"ಹಿಂದುಗಡೆ, ಡಬ್ಬಿ ಹತ್ತಿರದ್ದಾ?"

ಕಾರಿನ ಬಾಗಿಲು ತೆಗೆಯುವುದೂ ಸರಿಯಾಗಿ ಬರದ ಹೆಂಗಸು ಎಂದು ಊರೆಲ್ಲ ಹೇಳುತ್ತಿತ್ತು. ಆ ಹೆಂಗಸಿಗೆ, ಸೈಲೆನ್ಸರಿಗೆ ಹಿಂದೊಂದು ಡಬ್ಬಿ ಇರುತ್ತದೆಂದು ಹೇಗೆ ಗೊತ್ತು? ಕೇಳಬೇಕೆನ್ನುವಷ್ಟರಲ್ಲಿ ಕೊಯ್ಯುವ ಸದ್ದು ನಿಂತು, ಫೋನಿನಲ್ಲಿ ಮೀಸೆಯ ದನಿ ಸ್ಪಷ್ಟವಾಯಿತು. "...ಹಿಂದಿನ ಡಬ್ಬಿಯ ಕೀಲಲ್ಲಿ ಮೇಡಮ್!"

ಇನ್ಸ್‌ಪೆಕ್ಟರಮ್ಮನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. 'ಒಂದೇ ಒಂದು ಸಲ' ಅಂದಿದ್ದರಲ್ಲ ಆಕೆ.

"ನೀವೂ ನಿಮ್ಮ ತಮ್ಮನನ್ನ ಕೇಳಿದ್ರಿ. ಅವನು ಆಗಲ್ಲ ಅಂದ."

"ಕಡ್ಡಿ ಮುರಿದ ಹಾಗೆ ಅಂದ. 'ಬೇಡಕ್ಕಾ, ಇನ್ನೊಂದು ಸಲ ಈ ಮಾತು ಎತ್ತಬೇಡ' ಅಂದ. ಕಾರಣ ಹೇಳಲಿಲ್ಲ." ಅವರು ಗಂಡನ ಕಡೆ ತಿರುಗಿದರು. "ನಿಮ್ಮ ಆಣೆ ಇತ್ತಲ್ಲ. ಹೇಗೆ ಹೇಳ್ತಾನೆ? ನನ್ನ ಮಗು ಹೋದ್ರೆ ಇವನಿಗೇನು ಅಂತ ಬೈಕೊಂಡು ಬಂದೆ ನಾನು. ನೀವು ನನಗೆ ಹೇಳಿದ್ರೆ ಆಗ್ತಿತ್ತು ರೀ. ನಾನು ನಿಮಗೆ ಹೇಳಿದ್ರೆ ಆಗ್ತಿತ್ತು. ಇಬ್ಬರೂ ಒಂದೇ ಹಾಸಿಗೇಲಿ ಕಣ್ಣು ಬಿಟ್ಕೊಂಡು ಮಲಗಿದ್ವಲ್ಲ!"

ಮೇಷ್ಟ್ರ ಕಾಲು ನೆಲವನ್ನು ಒತ್ತಿತು, ಒತ್ತಿತು. ಎಲ್ಲೂ ಏನೂ ನಿಲ್ಲಲಿಲ್ಲ.

"ಮೇಡಮ್, ಕೇಳಿಸ್ತಿದೆಯಾ?" ಫೋನು ಮತ್ತೆ. "ಸಾರ್ ಹೇಳ್ತಿದಾರೆ, ಇದು ಮೊದಲನೇದರ ಹಾಗಲ್ಲವಂತೆ. ತೂತು ಬಹಳ ಸಣ್ಣದು. ನನ್ನ ಕಿರುಬೆರಳೂ ಹೋಗಲ್ಲ. ಎರಡೂ ಸೇರಿದ ಮೇಲೆ ಏರಿನಲ್ಲಿ ತುಳಿದಷ್ಟೂ ಉಸಿರು ಕಟ್ಟುತ್ತಂತೆ. ಬೋಲ್ಟಿನ ಮೇಲಿನ ಕೆಸರು ಗಾಡಿ ಓಡಿ ಹತ್ತಿದ್ದಲ್ಲ, ಬೇಕಂತಲೇ ಬೆರಳಲ್ಲಿ ಬಳಿದಿದ್ದಂತೆ."

"ಕಿರುಬೆರಳಾ?" ಮೇಷ್ಟ್ರ ಹೆಂಡತಿ ಮುಂದೆ ಬಂದು ಫೋನಿನ ಹತ್ತಿರ ಬಗ್ಗಿದರು. "ಸುಳ್ಳು. ಎರಡು ಬೆರಳು ಹೋಗೋ ಅಷ್ಟು ದೊಡ್ಡ ತೂತು ಇಡ್ತೀನಿ, ಸುಮ್ನೆ ಚೂರು ನಿಧಾನ ಆಗುತ್ತೆ ಅಷ್ಟೇ ಅಂದಿದ್ದ. ಮುಂದೆ ಆಗಲೇ ಒಂದಿದೆ ಅಂತ ಗಾಡಿ ಅಡಿಗೆ ಹೋದವನಿಗೆ ಗೊತ್ತಾಗಲಿಲ್ವಾ? ನನ್ನ ಕೈ ಮುಟ್ಟಿ ಮಾತು ಕೊಟ್ಟಿದ್ದ!"

"ಯಾರು?" ಎಂದಳು ಇನ್ಸ್‌ಪೆಕ್ಟರಮ್ಮ.

ಅವರು ಕಿಟಕಿಯ ಕಡೆ ನೋಡಿದರು.

ಬಯಲಿನಲ್ಲಿ ಕಲಿಯುವವರ ಕಾರು ಅಡ್ಡಾದಿಡ್ಡಿಯಾಗಿ ಬೇಲಿಯತ್ತ ಉರುಳುತ್ತಿತ್ತು. ದಪ್ಪ ಕನ್ನಡಕದ ಹೆಂಗಸು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, "ಬ್ರೇಕು ಹಾಕ್ರೀ! ಚಿಕ್ಕ ಮೇಷ್ಟ್ರೇ, ಬ್ರೇಕು ಹಾಕ್ರೀ!" ಎಂದು ಕೂಗುತ್ತಿದ್ದಳು.

ಪಕ್ಕದ ಬಾಗಿಲು ಹಾರುಹೊಡೆದಿತ್ತು. ಆ ಸೀಟಿನಲ್ಲಿ ಯಾರೂ ಇರಲಿಲ್ಲ.